ಗಾಲಿಯ ಮೇಲಿನ ಬಚ್ಚಲುಮನೆ

ಮನೆಯೆಂದರೆ ಏನು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಉತ್ತರ ಕೊಟ್ಟಾರು. ಒಲೆ ಉರಿಯುವ ಎಡೆಯೇ ಮನೆ ಎನ್ನುವವರುಂಟು. ಸಂಜೆ ದೇವರ ಮುಂದೆ ದೀಪ ಹಚ್ಚುವ ಎಡೆಯೇ ಮನೆ ಎನ್ನುವವರುಂಟು. ಮಡದಿಮಕ್ಕಳಿರುವ ಎಡೆಯೇ ಮನೆ ಎನ್ನುವವರಂತೂ ಬಹಳ ಮಂದಿ. ಬಚ್ಚಲಿರುವ ಎಡೆಯೇ ಮನೆ ಎಂದವರನ್ನು ಮಾತ್ರ ನಾನು ಕಂಡಿಲ್ಲ. ನಾನೂ ಹಾಗೆ ಹೇಳಿದವನಲ್ಲ. ೨೦೧೭ರ ಬೇಸಗೆಯಲ್ಲಿ ಹದಿನಾರು ದಿನ ಒಂದು ವ್ಯಾನಿನಲ್ಲಿ ಸಂಸಾರ ಹೂಡಿ ಬಂದ ಮೇಲೆ ಹಾಗೆ ಹೇಳುವ ಧೈರ್ಯ ನನಗೆ ಬಂದಿದೆ.

ನಾನು ಹುಟ್ಟಿ ಬೆಳೆದದ್ದು ಮಲೆನಾಡಿನಲ್ಲಿ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಬಚ್ಚಲೆಂಬುದು ಹಿತ್ತಿಲ ಕಡೆಗೆ ನೆಲಸಿದ ಒಂದು ಪುಟ್ಟ ಸಂಸ್ಥಾನ. ಗೋಡೆಗೆ ಸೇರಿಸಿ ಕಟ್ಟಿದ ದೊಡ್ಡ ಒಲೆ, ಅದರ ಮೇಲೆ ಹೊರಗೆಲ್ಲ ಮಸಿ ಹಿಡಿದ ತಾಮ್ರದ ಹಂಡೆ, ಉರಿಗೆ ಒಣಗಿದ ಅಡಿಕೆಸಿಪ್ಪೆ. ಮಳೆಗಾಲದ ಸಂಜೆಗಳಲ್ಲಿ ಆ ಒಲೆಯ ಮುಂದೆ ಕುಳಿತು ಮೈ ಕಾಯಿಸಿಕೊಳ್ಳದೆ ಬೆಳೆದ ಮಕ್ಕಳು ನಮ್ಮ ಕಾಲದಲ್ಲಿ ವಿರಳ. ಆ ಬಚ್ಚಲಿಗೆ ಒಂದು ಬಾಗಿಲಿತ್ತು. ಬಾಗಿಲಿಗೆ ಒಂದು ಚಿಲಕವಿತ್ತು. ಹಂಡೆಯ ನೀರಿನ ಸುಖವನ್ನು ಕುರಿತು ಗೆಳೆಯರ ನಡುವೆ ನಾನು ಎಷ್ಟೋ ಸಲ ವರ್ಣಿಸಿ ಮಾತಾಡಿದ್ದೇನೆ. ಚಿಲಕವನ್ನು ಕುರಿತು ಒಂದು ಸಲವೂ ಯೋಚಿಸಿರಲಿಲ್ಲ.

ವ್ಯಾನಿನ ಸಂಸಾರಕ್ಕೆ ಕಾರಣವಾದದ್ದು ನನ್ನ ವೃತ್ತಿಯೇ. ಹದಿನೈದು ವರ್ಷ ಕಾಲೇಜಿನಲ್ಲಿ ಹಳಗನ್ನಡ, ನಡುಗನ್ನಡ ಕಾವ್ಯಗಳನ್ನು ಪಾಠ ಹೇಳಿದವನಿಗೆ, ಆ ಕವಿಗಳ ಹೆಸರಿನೊಡನೆ ಬೆಸೆದುಕೊಂಡ ಊರುಗಳನ್ನು ಒಮ್ಮೆ ಸಾಲಾಗಿ ನೋಡಬೇಕೆಂಬ ಆಸೆ ಹುಟ್ಟಿದರೆ ಆಶ್ಚರ್ಯವಿಲ್ಲ. ಉಡುತಡಿ, ಬಳ್ಳಿಗಾವೆ, ಬನವಾಸಿ, ಲಕ್ಷ್ಮೇಶ್ವರ, ಗದಗು, ಲಕ್ಕುಂಡಿ, ಇಟಗಿ, ಕೊನೆಗೆ ಹಂಪಿ — ಹೀಗೊಂದು ದಾರಿಯನ್ನು ನಕ್ಷೆಯ ಮೇಲೆ ಗೆರೆ ಎಳೆದು ಇಟ್ಟುಕೊಂಡಿದ್ದೆ. ಹಳ್ಳಿಗಳಲ್ಲಿ ವಸತಿಗೃಹಗಳಿಲ್ಲ, ಇರುವ ಪಟ್ಟಣಗಳಲ್ಲಿ ಹದಿನಾರು ರಾತ್ರಿ ಕೋಣೆ ಹಿಡಿಯುವಷ್ಟು ಹಣ ಅಧ್ಯಾಪಕನ ಕೈಯಲ್ಲಿ ನಿಲ್ಲುವುದಿಲ್ಲ. ಆಗ ನನ್ನ ಭಾವಮೈದುನ ತನ್ನ ಹಳೆಯ ಓಮ್ನಿ ವ್ಯಾನನ್ನು ರಜೆ ಮುಗಿಯುವವರೆಗೆ ಇಟ್ಟುಕೊಳ್ಳಿ ಎಂದು ಕೊಟ್ಟ. ನಡುವಿನ ಸೀಟನ್ನು ಕಳಚಿ ಹಲಗೆ ಹಾಸಿ ಅದರ ಮೇಲೆ ಹಾಸಿಗೆ ಬಿಡಿಸಿದೆವು. ಹೆಂಡತಿಗೂ ಎಂಟನೆಯ ತರಗತಿ ಮುಗಿಸಿದ್ದ ಮಗಳಿಗೂ ಒಳಗೆ ಮಲಗುವ ಏರ್ಪಾಡಾಯಿತು. ನನಗೆ ಹೊರಗೆ ಮಡಿಸುವ ಮಂಚ. ಅಡುಗೆಗೆ ಸಣ್ಣದೊಂದು ಗ್ಯಾಸಿನ ಒಲೆ, ಅಕ್ಕಿ, ಅವಲಕ್ಕಿ, ಉಪ್ಪಿನಕಾಯಿ. ಊಟದ ಯೋಚನೆ, ನಿದ್ದೆಯ ಯೋಚನೆ, ಪುಸ್ತಕದ ಯೋಚನೆ ಎಲ್ಲವನ್ನೂ ಮಾಡಿದೆವು. ಸ್ನಾನದ ವಿಚಾರ ಬಂದಾಗ ನಾನು, “ನಮ್ಮ ನಾಡಿನಲ್ಲಿ ಹೊಳೆ ಕೆರೆಗಳಿಗೆ ಬರವೆ?” ಎಂದುಬಿಟ್ಟೆ.

ಬರವೇ ಇತ್ತು. ಹಿಂದಿನ ಎರಡು ಮಳೆಗಾಲಗಳೂ ಕೈಕೊಟ್ಟಿದ್ದವು. ದಾರಿಯ ಕೆರೆಗಳೆಲ್ಲ ಬಿರುಕುಬಿಟ್ಟ ಬಯಲುಗಳಾಗಿದ್ದವು. ಹೊರಟ ಮರುದಿನವೇ ನಮ್ಮ ಲೆಕ್ಕಾಚಾರ ಲೀಟರುಗಳಿಗೆ ಇಳಿಯಿತು. ನಗರದ ಮನೆಯಲ್ಲಿ ಒಬ್ಬೊಬ್ಬರಿಗೆ ದಿನಕ್ಕೆ ೧೩೫ ಲೀಟರು ನೀರು ಬೇಕೆಂಬುದು ನಮ್ಮ ದೇಶದಲ್ಲಿ ನೀರು ಸರಬರಾಜಿನ ಯೋಜನೆಗಳು ಇಟ್ಟುಕೊಂಡಿರುವ ಅಳತೆ. ನಮ್ಮ ವ್ಯಾನಿನಲ್ಲಿದ್ದದ್ದು ಇಪ್ಪತ್ತು ಲೀಟರಿನ ಮೂರು ಡಬ್ಬಗಳು. ಮೂವರ ಕುಡಿಯುವುದು, ಅಡುಗೆ, ಪಾತ್ರೆ, ಸ್ನಾನ ಎಲ್ಲವೂ ಅದರಲ್ಲೇ ನಡೆಯಬೇಕು. ಮನೆಯಲ್ಲಿ ಎರಡು ಬಕೀಟು ಸುರಿದುಕೊಂಡರೂ ಸಾಲದೆಂದು ಗೊಣಗುತ್ತಿದ್ದ ನಾನು ಆರು ಲೀಟರಿನಲ್ಲಿ ಮೀಯಲು ಕಲಿತೆ. ಮೊದಲು ಒಂದು ಚೊಂಬು ನೀರಿನಲ್ಲಿ ಮೈ ನೆನೆಯಿಸುವುದು. ನೀರು ನಿಲ್ಲಿಸಿ ಸಾಬೂನು ಹಚ್ಚುವುದು. ಉಳಿದದ್ದನ್ನು ಹೆಗಲಿನಿಂದ ಕೆಳಕ್ಕೆ ಹೊಯ್ಯುವುದು. ಅದೂ ಇಲ್ಲದ ದಿನ ಜ್ವರ ಬಂದವರಿಗೆ ಮಾಡುವಂತೆ ಒದ್ದೆ ಪಂಚೆಯಿಂದ ಮೈಯೊರೆಸಿಕೊಳ್ಳುವುದು. ನೀರಿನ ಬಡತನಕ್ಕೆ ಮೈ ಬೇಗ ಒಗ್ಗುತ್ತದೆ.

ಬಿಸಿನೀರಿನ ಸಮಸ್ಯೆಯನ್ನು ಭಾವಮೈದುನನೇ ಬಗೆಹರಿಸಿ ಕೊಟ್ಟಿದ್ದ. ವ್ಯಾನಿನ ನೆತ್ತಿಯ ಮೇಲಿನ ಸಾಮಾನಿನ ಚೌಕಟ್ಟಿಗೆ ನಾಲ್ಕು ಅಂಗುಲ ಅಡ್ಡಳತೆಯ, ಐದಡಿ ಉದ್ದದ ಪ್ಲಾಸ್ಟಿಕ್ ಕೊಳವೆಯೊಂದನ್ನು ಕಟ್ಟಿ, ಅದಕ್ಕೆ ಕಪ್ಪು ಬಣ್ಣ ಬಳಿದು, ಹಿಂದುಗಡೆಯ ತುದಿಗೆ ನಲ್ಲಿಯನ್ನೂ ಮುಂದಿನ ತುದಿಯ ಮೇಲ್ಭಾಗಕ್ಕೆ ತಿರುಪಿನ ಮುಚ್ಚಳವನ್ನೂ ಕೂಡಿಸಿದ್ದ. ಹನ್ನೆರಡು ಲೀಟರು ನೀರು ಹಿಡಿಯುತ್ತಿತ್ತು. ಬೆಳಗ್ಗೆ ತುಂಬಿದರೆ ಮಧ್ಯಾಹ್ನ ಮೂರರ ಹೊತ್ತಿಗೆ ಬೇಸಗೆಯ ಸೂರ್ಯನೇ ಒಲೆ, ಕೊಳವೆಯೇ ಹಂಡೆ. ತಣ್ಣೀರು ಬೆರೆಸದೆ ಮೈಮೇಲೆ ಹೊಯ್ದುಕೊಳ್ಳುವಂತಿರಲಿಲ್ಲ. ಮೊದಲ ದಿನ ನಲ್ಲಿ ತಿರುಗಿಸಿದಾಗ ನಾಲ್ಕು ಹನಿ ಬಿದ್ದು ನಿಂತುಹೋಯಿತು. ತಲೆಗೆ ಸೀಗೆಪುಡಿ ಹಚ್ಚಿಕೊಂಡು ಕಣ್ಣುಮುಚ್ಚಿ ನಿಂತಿದ್ದ ನಾನು ಕೊಳವೆಯನ್ನೂ ಭಾವಮೈದುನನನ್ನೂ ಒಟ್ಟಿಗೆ ಬೈದೆ. ಮಗಳು ವ್ಯಾನಿನ ಪಕ್ಕೆ ಹತ್ತಿ ಮೇಲಿನ ಮುಚ್ಚಳವನ್ನು ಸಡಿಲಿಸಿದಳು. ನೀರು ದಬದಬನೆ ಇಳಿಯಿತು. ಒಳಗೆ ಗಾಳಿ ಹೋಗದೆ ನೀರು ಹೊರಗೆ ಬಾರದೆಂಬುದನ್ನು ಅವಳು ಪಾಠದಲ್ಲಿ ಓದಿದ್ದಳಂತೆ. ನಲ್ಲಿಗೆ ಒಂದು ರಬ್ಬರಿನ ಕೊಳವೆ, ಅದರ ತುದಿಗೆ ಹೂಗಿಡಗಳಿಗೆ ನೀರು ಹಾಕುವ ಡಬ್ಬದ ಜರಡಿಮೂತಿ. ನಿಲ್ಲುವುದಕ್ಕೆ ಪಟ್ಟಿ ಹೊಡೆದ ಮರದ ಮಣೆ. ಸಾಬೂನಿನ ನೀರು ಬಾವಿ ಹಳ್ಳಗಳ ಕಡೆಗೆ ಹರಿಯದಂತೆ ಗಿಡದ ಬುಡಕ್ಕೊಂದು ಸಣ್ಣ ಕಾಲುವೆ. ಎರಡೇ ದಿನದಲ್ಲಿ ನಾನು ಈ ವಿದ್ಯೆಯಲ್ಲಿ ಪಂಡಿತನಾದೆನೆಂದು ಬೀಗಿದೆ.

ಆದರೆ ಪಾಂಡಿತ್ಯವೆಲ್ಲ ನೀರಿನದು; ಮರೆಯದಲ್ಲ.

ಗಂಡಸಿಗೆ ಮರೆಯ ಚಿಂತೆ ಇಲ್ಲ. ಒಂದು ಪಂಚೆ ಇದ್ದರೆ ಅವನು ಪೇಟೆಯ ನಡುವಿನ ನಲ್ಲಿಯ ಕೆಳಗೂ ಮಿಂದಾನು. ಒದ್ದೆಯ ಮೇಲೆ ಒಣಗಿದ್ದನ್ನು ಸುತ್ತಿ, ಒದ್ದೆಯನ್ನು ಕೆಳಗೆ ಜಾರಿಸಿದರೆ ಮುಗಿಯಿತು. ಬನವಾಸಿಯಲ್ಲಿ ವರದಾ ನದಿ ಮೊಣಕಾಲುದ್ದ ಇಳಿದಿದ್ದರೂ ನಾನು ದಂಡೆಯ ಮೇಲೆ ಹತ್ತು ಜನರ ಎದುರಿಗೆ ಮಿಂದು ಬಟ್ಟೆ ಬದಲಿಸಿ ಬಂದೆ. ನನ್ನ ಹೆಂಡತಿಯೂ ಅಲ್ಲಿಯೇ ತುಸು ದೂರದಲ್ಲಿ ಇತರ ಹೆಂಗಸರೊಡನೆ ಮುಳುಗೆದ್ದು, ಒಣ ಸೀರೆಯ ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಒದ್ದೆ ಸೀರೆಯ ಮೇಲೆಯೇ ಅದನ್ನು ಸುತ್ತುತ್ತ ಸುತ್ತುತ್ತ, ಯಾರ ಕಣ್ಣಿಗೂ ಏನೂ ಕಾಣದಂತೆ ಹೊಸ ಉಡುಪಿನಲ್ಲಿ ದಂಡೆಗೆ ಬಂದಳು. ಅವಳ ತಾಯಿಯಿಂದ ಅವಳಿಗೆ, ಅಜ್ಜಿಯಿಂದ ತಾಯಿಗೆ ಬಂದ ವಿದ್ಯೆ ಅದು. ಅಂದು ನನಗೆ ಹೊಳೆದದ್ದು ಇಷ್ಟು: ಸೀರೆ, ಪಂಚೆಗಳು ಬರಿಯ ಬಟ್ಟೆಗಳಲ್ಲ, ಅವು ಮಡಚಿ ಇಟ್ಟುಕೊಳ್ಳಬಹುದಾದ ಕೋಣೆಗಳು. ಉಡುವಾಗಲೂ ಕಳಚುವಾಗಲೂ ತಮ್ಮ ಗೋಡೆಯನ್ನು ತಾವೇ ಎತ್ತಿ ನಿಲ್ಲಿಸುತ್ತವೆ. ಹೊಳೆಯ ದಂಡೆ, ಜಾತ್ರೆಯ ಬಯಲು, ಪುಷ್ಕರಿಣಿಯ ಮೆಟ್ಟಿಲುಗಳಲ್ಲಿ ನಮ್ಮ ಜನ ಇಷ್ಟು ಕಾಲ ಮಾನವಾಗಿ ಮಿಂದದ್ದು ಈ ಹೊಲಿಯದ ಬಟ್ಟೆಯ ಬಲದಿಂದ.

ಮಗಳು ಮಾತ್ರ ದಂಡೆಯ ಕಲ್ಲಿನ ಮೇಲೆ ಕುಳಿತೇ ಇದ್ದಳು. ಅವಳು ತೊಟ್ಟದ್ದು ಚೂಡಿದಾರ. ಹೊಲಿದ ಬಟ್ಟೆಗೆ ಗೋಡೆಯಿಲ್ಲದೆ ನಡೆಯದು. ತಲೆಯ ಮೇಲಿಂದ ತೆಗೆಯಬೇಕು, ಕಾಲಿನಿಂದ ಎಳೆಯಬೇಕು. “ನೀರು ಕೊಳೆ ಇದೆ, ನನಗೆ ಬೇಡ” ಎಂದಳು. ನಾನು ನಂಬಿದೆ.

ಅದಕ್ಕೆ ಹಿಂದಿನ ದಿನ ಉಡುತಡಿಯಲ್ಲಿ ಅವಳು ಒಂದು ಪ್ರಶ್ನೆ ಕೇಳಿದ್ದಳು. ಅಕ್ಕಮಹಾದೇವಿ ಅರಮನೆಯನ್ನೂ ಉಟ್ಟ ಬಟ್ಟೆಯನ್ನೂ ತೊರೆದು, ಕೂದಲನ್ನೇ ಮರೆಮಾಡಿಕೊಂಡು ಕಲ್ಯಾಣಕ್ಕೆ ಹೊರಟ ಕಥೆಯನ್ನು ನಾನು ತರಗತಿಯ ಧಾಟಿಯಲ್ಲಿ ಹೇಳುತ್ತಿದ್ದೆ. “ಅಪ್ಪ, ಅಷ್ಟು ದೂರ ನಡೆದು ಹೋದಳಲ್ಲ, ದಾರಿಯಲ್ಲಿ ಅವಳು ಎಲ್ಲಿ ಸ್ನಾನ ಮಾಡ್ತಿದ್ದಳು?” ಎಂದಳು. “ಹಳ್ಳಕೊಳ್ಳಗಳಿಗೇನು ಕೊರತೆ?” ಎಂದು ನಾನು ನಕ್ಕು ಮುಂದಿನ ವಾಕ್ಯಕ್ಕೆ ಹೋದೆ.

ಮರೆಗೆ ನಾವು ಮಾಡಿಕೊಂಡಿದ್ದ ಏರ್ಪಾಡು ಹೀಗಿತ್ತು. ಓಮ್ನಿಯ ಹಿಂಬಾಗಿಲು ಪಕ್ಕಕ್ಕೆ ತೆರೆಯುವುದಿಲ್ಲ. ಮೇಲಕ್ಕೆ ಎದ್ದು ಸೂರಿನಂತೆ ಚಾಚಿ ನಿಲ್ಲುತ್ತದೆ. ಅದರ ಎರಡು ಮೂಲೆಗಳಿಂದ ಹೆಂಡತಿಯ ಹಳೆಯ ನೂಲಿನ ಸೀರೆಯನ್ನು ಬಟ್ಟೆ ಒಣಹಾಕುವ ಕ್ಲಿಪ್ಪುಗಳಿಂದ ಇಳಿಬಿಟ್ಟರೆ ಮೂರು ಕಡೆ ಸೀರೆ, ಒಂದು ಕಡೆ ವ್ಯಾನು. ನಡುವೆ ಒಬ್ಬರು ನಿಲ್ಲುವಷ್ಟು ಜಾಗ. ಮಲೆನಾಡಿನ ಸೆರಗಿನಲ್ಲಿರುವಷ್ಟು ದಿನ ಇದು ಸಾಕಾಯಿತು. ಹಾನಗಲ್ಲು ದಾಟಿ ಬಯಲುಸೀಮೆಗೆ ಇಳಿದಂತೆ ಗಾಳಿ ಎದ್ದಿತು. ಸೀರೆ ಹಾಯಿಯಂತೆ ಉಬ್ಬುವುದು, ಕ್ಲಿಪ್ಪುಗಳು ಹಾರುವುದು. ಅಂಚಿಗೆ ಸಣ್ಣ ಕಲ್ಲುಗಳನ್ನು ಕಟ್ಟಿದೆವು. ಆಗ ಸೀರೆ ನಿಂತಿತು. ಆದರೆ ನೆನೆದೊಡನೆ ಮೈಗೆ ಅಂಟಿಕೊಳ್ಳತೊಡಗಿತು. ಇವೆಲ್ಲ ಹಾಸ್ಯದ ಪ್ರಸಂಗಗಳೆಂದೇ ನಾನು ಡೈರಿಯಲ್ಲಿ ಬರೆದುಕೊಂಡೆ.

ಆರನೆಯ ರಾತ್ರಿ ಹಾಸ್ಯ ಮುಗಿಯಿತು. ಲಕ್ಷ್ಮೇಶ್ವರದಿಂದ ಗದಗಿನ ಕಡೆಗೆ ಬರುವಾಗ ಗಾಲಿ ಪಂಕ್ಚರಾಗಿ ತಡವಾಯಿತು. ಒಬ್ಬ ರೈತರ ಅಪ್ಪಣೆ ಪಡೆದು ಅವರ ಹೊಲದ ಬದುವಿನಲ್ಲಿ, ಬೇವಿನ ಮರದ ಕೆಳಗೆ ವ್ಯಾನು ನಿಲ್ಲಿಸಿದೆವು. ಅದೇ ಹೊಲದಲ್ಲಿ ತುಸು ದೂರಕ್ಕೆ ಕುರಿಗಾರರ ಹಟ್ಟಿ ಬೀಡುಬಿಟ್ಟಿತ್ತು. ಬಿತ್ತನೆಗೆ ಮುಂಚೆ ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ತರುಬುವುದು ಆ ಸೀಮೆಯ ಪದ್ಧತಿ. ಬೇರೆ ದಿನ ಬೆಳಕಿರುವಾಗಲೇ ಮಿಯ್ಯುತ್ತಿದ್ದ ಮಗಳು ಅಂದು ಕತ್ತಲಾದ ಮೇಲೆ ನಿಂತಳು. ಕಾಣಲೆಂದು ನಾನೇ ಬ್ಯಾಟರಿಯ ದೀಪವನ್ನು ಒಳಗೆ ಹಿಂಬಾಗಿಲ ಕೊಕ್ಕೆಗೆ ತೂಗುಹಾಕಿ ಕೊಟ್ಟೆ. ಮೂವತ್ತು ಹೆಜ್ಜೆ ಆಚೆಗೆ ಮಂಚದ ಮೇಲೆ ಕುಳಿತು, ಹಗಲು ತೆಗೆದ ಶಾಸನದ ಚಿತ್ರಗಳನ್ನು ಮುಂದಿಟ್ಟುಕೊಂಡು ಅಕ್ಷರ ಕೂಡಿಸುತ್ತಿದ್ದೆ. ಹೆಂಡತಿ ಒಲೆಯ ಮುಂದಿದ್ದಳು.

ರಸ್ತೆಯಲ್ಲಿ ಒಂದು ಮೋಟಾರುಸೈಕಲ್ಲು ನಿಂತ ಸದ್ದಾಯಿತು. ಯಾರೋ ನಕ್ಕರು. ಸಿಳ್ಳು ಕೇಳಿತು. ನಾನು ತಲೆಯೆತ್ತಿ ನೋಡಿದೆ. ತೊಗಲುಗೊಂಬೆಯಾಟದ ಪರದೆಯನ್ನು ನೋಡಿದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ತೆಳ್ಳಗಿನ ಸೀರೆ, ಅದರ ಹಿಂದೆ ದೀಪ, ನಡುವೆ ನನ್ನ ಮಗಳು. ದೀಪವನ್ನು ಅಲ್ಲಿ ಕಟ್ಟಿದವನು ನಾನು.

ನಾನು ಏಳುವುದರೊಳಗೆ ಹಟ್ಟಿಯ ಕಡೆಯಿಂದ ಎರಡು ನಾಯಿಗಳು ಬೊಗಳುತ್ತ ರಸ್ತೆಗೆ ನುಗ್ಗಿದವು, ಅವುಗಳ ಹಿಂದೆ ಕೋಲು ಹಿಡಿದ ಮುದುಕಿಯೊಬ್ಬಳ ದನಿ: “ಯಾರ್ಲೇ ಅವ? ನಿಮ್ಮನ್ಯಾಗ ಅಕ್ಕ ತಂಗೇರಿಲ್ಲೇನ?” ಮೋಟಾರುಸೈಕಲ್ಲು ಹೊರಟುಹೋಯಿತು. ದೀಪ ಆರಿತು. ಸೀರೆಯ ಹಿಂದಿನಿಂದ ಬಹಳ ಹೊತ್ತು ಯಾವ ಸದ್ದೂ ಬರಲಿಲ್ಲ.

ಬೆಳಗ್ಗೆ ಮಗಳು, “ನಾನು ಬಸ್ಸಿನಲ್ಲಿ ಅಜ್ಜಿ ಮನೆಗೆ ಹೋಗ್ತೇನೆ” ಎಂದಳು. ಅಷ್ಟು ಬಿಟ್ಟು ಬೇರೆ ಮಾತಿಲ್ಲ. ಹುಡುಗರ ಪುಂಡಾಟಕ್ಕೆ ಇಷ್ಟು ಹಚ್ಚಿಕೊಳ್ಳಬಾರದೆಂದು ನಾನು ಸಮಾಧಾನ ಹೇಳಹೊರಟೆ. ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದಳು. “ಅವಳಿಗೆ ಮೂರು ದಿನದಿಂದ ತಿಂಗಳ ದಿನಗಳು. ಪೆಟ್ರೋಲು ಬಂಕುಗಳ ಶೌಚಾಲಯದಲ್ಲೇ ಎಲ್ಲ ನಡೆಸಿದ್ದಾಳೆ. ನಿಮಗೆ ಹೇಳಬೇಡ ಅಂದಿದ್ದಳು. ನಿನ್ನೆ ಒಂದು ದಿನ ಸರಿಯಾಗಿ ತಲೆಗೆ ನೀರು ಹಾಕಿಕೊಳ್ಳಬೇಕೂಂತ ಕಾದಿದ್ದಳು ರೀ” ಎಂದಳು. ಹೊಳೆಯ ನೀರು ಏಕೆ ಕೊಳೆಯಾಗಿತ್ತೆಂಬುದು ನನಗೆ ಆಗ ಅರ್ಥವಾಯಿತು. ಸಾವಿರ ವರ್ಷದ ಹಿಂದಿನ ಶಾಸನದ ಅಳಿದ ಅಕ್ಷರಗಳನ್ನು ಊಹಿಸಿ ಓದಬಲ್ಲೆನೆಂದು ಹೆಮ್ಮೆಪಡುತ್ತಿದ್ದವನಿಗೆ ಎದುರಿಗೆ ಕುಳಿತ ಮಗುವಿನ ಮುಖ ಓದುವುದು ಬರಲಿಲ್ಲ.

ಅಷ್ಟರಲ್ಲಿ ರಾತ್ರಿಯ ಮುದುಕಿ ಚಂಬಿನಲ್ಲಿ ಕುರಿಯ ಹಾಲು ಹಿಡಿದು ಬಂದಳು. ಅರವತ್ತು ದಾಟಿದ್ದಿರಬೇಕು, ಮೊಣಕೈವರೆಗೂ ಹಚ್ಚೆ. ನೇತಾಡುತ್ತಿದ್ದ ನಮ್ಮ ಸೀರೆಯ ಮರೆಯನ್ನು ಕೈಯಿಂದ ಸವರಿ ನೋಡಿ ನಕ್ಕಳು. “ಯವ್ವಾ, ಒಳಗ ದೀಪ ಹಚ್ಚಿ ಹೊರಗ ಸೀರಿ ಬಿಟ್ರ ಊರಿಗೆಲ್ಲ ಗೊಂಬಿಯಾಟ ತೋರಿಸಿದಾಂಗ ಆಕ್ಕೈತಿ. ದೀಪ ಹೊರಗ ಇಡಬೇಕು, ಕತ್ತಲಿ ಒಳಗ ಇರಬೇಕು” ಎಂದಳು. ನೋಡುವವನ ಕಣ್ಣಿಗೂ ಮರೆಗೂ ನಡುವೆ ದೀಪವಿದ್ದರೆ ಅವನಿಗೆ ದೀಪದಾಚೆ ಏನೂ ಕಾಣದು. ಒಳಗಿನವರಿಗೆ ಹೊರಗಿನದೆಲ್ಲ ಕಾಣುವುದು. ಶಾಸ್ತ್ರದ ಪುಸ್ತಕ ತೆರೆಯದೆ ಆಕೆ ಇದನ್ನು ತಿಳಿದಿದ್ದಳು. ವರ್ಷದಲ್ಲಿ ಎಂಟು ತಿಂಗಳು ಮೊಮ್ಮಕ್ಕಳು, ಸೊಸೆಯರು, ಕೋಳಿ, ಕುದುರೆಗಳೊಡನೆ ಅಡವಿಯಲ್ಲೇ ಕಳೆಯುವವಳು ತಾನು ಎಂದಳು. ಗೋಡೆಯಿಲ್ಲದ ಕಡೆ ಗೋಡೆ ಎಬ್ಬಿಸುವುದು ಆಕೆಯ ದಿನದ ಕೆಲಸ.

ಆಮೇಲೆ ಹಟ್ಟಿಗೆ ಹೋಗಿ ಅಲ್ಲಲ್ಲಿ ಕಿಡಿ ಬಿದ್ದು ತೂತಾದ ಹಳೆಯ ಕರಿಯ ಕಂಬಳಿಯೊಂದನ್ನು ತಂದಳು. ಕಂಬಳಿಯಲ್ಲಿ ಬೆಳಕು ತೂರದು. ತನ್ನ ಭಾರದಿಂದಲೇ ಅದು ನೆಟ್ಟಗೆ ಇಳಿಬೀಳುತ್ತದೆ, ಗಾಳಿಗೆ ಜಗ್ಗದು. ನೆನೆದರೂ ಮೈಗೆ ಅಂಟದೆ ದೂರ ನಿಲ್ಲುತ್ತದೆ. ಬೆಲೆ ಕೇಳಿದರೆ ಹಣ ಮುಟ್ಟಲಿಲ್ಲ. ನಮ್ಮ ಸೀರೆಯ ಕಡೆ ಕೈ ತೋರಿಸಿ, “ಇದು ಜೋಳಿಗಿಗೆ ಚಲೋ ಐತಿ, ನಮ್ಮ ಕೂಸು ಮಲಗತೈತಿ” ಎಂದಳು. ಮರೆಯಾಗಲಾರದ ಸೀರೆ ತೊಟ್ಟಿಲಾಗಿ ಆಚೆಗೆ ಹೋಯಿತು. ಕಂಬಳಿ ನಮ್ಮ ಪಾಲಿಗೆ ಬಂತು.

ಹೊರಡುವ ಮುನ್ನ ಆಕೆ ನನ್ನ ಕಡೆ ತಿರುಗಿ ಇನ್ನೊಂದು ಮಾತು ಹೇಳಿದಳು: “ಸರ, ಹೆಣ್ಮಕ್ಕಳು ಜಳಕ ಮಾಡೂ ಹೊತ್ತಿನ್ಯಾಗ ನೀವು ಪುಸ್ತಕ ಓದ್ಕೋತ ಕೂಡಬ್ಯಾಡ್ರಿ. ಇವರಿಗೆ ಬೆನ್ನು ಮಾಡ್ರಿ, ರಸ್ತೇಕ ಮಾರಿ ಮಾಡ್ರಿ.”

ಮಗಳು ಬಸ್ಸಿಗೆ ಹೋಗಲಿಲ್ಲ. ಮುದುಕಿ ಅವಳೊಡನೆ ಮರದ ಹಿಂದೆ ಏನು ಮಾತಾಡಿದಳೋ ನನಗೆ ತಿಳಿಯದು. “ಇವತ್ತೊಂದು ದಿನ ನೋಡ್ತೇನೆ” ಎಂದಳು. ಅಂದು ಸಂಜೆ ಅದೇ ಬೇವಿನ ಮರದ ಕೆಳಗೆ ಕಂಬಳಿ ಇಳಿಬಿಟ್ಟೆವು. ದೀಪವನ್ನು ಮರೆಯಿಂದ ಹತ್ತು ಹೆಜ್ಜೆ ಮುಂದೆ ರಸ್ತೆಯ ಕಡೆಗೆ ಕಲ್ಲಿನ ಮೇಲಿಟ್ಟು, ಅದರ ಪಕ್ಕದಲ್ಲಿ ನಾನು ರಸ್ತೆಗೆ ಮುಖಮಾಡಿ ಕುಳಿತೆ. ಕೈಯಲ್ಲಿ ಪುಸ್ತಕವಿರಲಿಲ್ಲ. ಬೆನ್ನ ಹಿಂದೆ ನೀರು ಜರಡಿಮೂತಿಯಿಂದ ಮಣೆಯ ಮೇಲೆ ಬೀಳುವ ಸದ್ದು, ನಿಂತು ಮತ್ತೆ ಬೀಳುವ ಸದ್ದು. ಆಚೆ ಕುರಿಗಳ ಕೆಮ್ಮು. ಸುಮಾರು ಹೊತ್ತಿನ ಮೇಲೆ ಮಗಳು ಒಳಗಿನಿಂದಲೇ, “ಅಪ್ಪ, ಇದ್ದೀಯಾ?” ಎಂದಳು. “ಇದ್ದೇನಮ್ಮ” ಎಂದೆ. ಆ ಹದಿನಾರು ದಿನಗಳಲ್ಲಿ ನಾನು ಮಾಡಿದ ಉಪಯುಕ್ತ ಕೆಲಸ ಯಾವುದೆಂದು ಕೇಳಿದರೆ ಅದನ್ನೇ ಹೇಳುತ್ತೇನೆ.

ಗದಗಿನಲ್ಲಿ ವೀರನಾರಾಯಣನ ಗುಡಿಗೆ ಹೋದೆವು. ಕುಮಾರವ್ಯಾಸನ ಕಥೆ ಕನ್ನಡ ಓದಿದವರಿಗೆಲ್ಲ ಗೊತ್ತು. ಕೋನೇರಿ ತೀರ್ಥದಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲಿಯೇ ಗುಡಿಯ ಕಂಬಕ್ಕೆ ಒರಗಿ ಕೂತು ಆತ ಭಾರತವನ್ನು ಬರೆದನಂತೆ. ಬಟ್ಟೆ ಆರುವವರೆಗೆ ಕಾವ್ಯ ಹರಿಯುವುದು, ಆರಿದೊಡನೆ ನಿಲ್ಲುವುದು. ಪ್ರತಿವರ್ಷ ಈ ಐತಿಹ್ಯವನ್ನು ನಾನು ರಸವತ್ತಾಗಿ ಹೇಳಿ ತರಗತಿಯ ಮೆಚ್ಚುಗೆ ಪಡೆದವನು. ಅಂದು ಅದೇ ಕಂಬದ ಮುಂದೆ ನಿಂತು ಮತ್ತೆ ಹೇಳಿದೆ. ಹೆಂಡತಿ ಕೇಳಿ, “ಒದ್ದೆ ಬಟ್ಟೆಯಲ್ಲಿ ಎಲ್ಲರೆದುರು ಕೂತು ಬರೆಯೋದು ಗಂಡಸಿಗಾಯಿತು. ಅದೇ ವರ ಹೆಂಗಸಿಗೆ ಸಿಕ್ಕಿದ್ದರೆ ಒಂದು ಪದ್ಯವೂ ಆಗುತ್ತಿರಲಿಲ್ಲ, ಬಟ್ಟೆ ಬದಲಿಸೋಕೆ ಜಾಗ ಹುಡುಕೋದರಲ್ಲೇ ಬಟ್ಟೆ ಆರಿಹೋಗುತ್ತಿತ್ತು” ಎಂದಳು. ಮಗಳು ಎರಡು ದಿನದ ಮೇಲೆ ಮೊದಲ ಸಲ ನಕ್ಕಳು. ಈ ಟೀಕೆಯನ್ನು ಯಾವ ವ್ಯಾಖ್ಯಾನದಲ್ಲಿಯೂ ನಾನು ಓದಿರಲಿಲ್ಲ.

ಗದಗಿನ ಪೇಟೆಯಲ್ಲಿ ಮಗಳೇ ಮುಂದಾಳಾದಳು. ಸೈಕಲ್ಲು ರಿಪೇರಿಯ ಅಂಗಡಿಯಲ್ಲಿ ಕಡ್ಡಿ ಕಿತ್ತ ಒಂದು ಹಳೆಯ ರಿಮ್ಮು ಕೊಂಡೆವು. ಅದನ್ನು ಹಿಂಬಾಗಿಲಿನಿಂದ ಅಡ್ಡಲಾಗಿ ತೂಗುಬಿಟ್ಟು, ಅದರ ಸುತ್ತ ಕಂಬಳಿಯನ್ನೂ ಒಂದು ದಪ್ಪ ಕಪ್ಪು ಬಟ್ಟೆಯನ್ನೂ ಸೇರಿಸಿ ಕಟ್ಟಿದರೆ, ಗಾಳಿ ಯಾವ ಕಡೆಯಿಂದ ಬೀಸಿದರೂ ಬಾಯಿ ಬಿಡದ ದುಂಡನೆಯ ಕೋಣೆ. ಇನ್ನೊಂದು ಅವಳದೇ ಕಲ್ಪನೆ. ದರ್ಜಿಯ ಮುಂದೆ ಕಾಗದದ ಮೇಲೆ ಬರೆದು ತೋರಿಸಿದಳು: ಲಂಗದಂತೆ ಅಗಲವಾದ, ಕಾಲಿನವರೆಗೆ ಇಳಿಯುವ ಒಂದು ಚೀಲ, ಆದರೆ ದಾರ ಸೊಂಟಕ್ಕಲ್ಲ, ಕುತ್ತಿಗೆಗೆ. ಅದನ್ನು ತೊಟ್ಟು ನಿಂತರೆ ಒಳಗೆ ಕೈಯಾಡಿಸಿ ಎಲ್ಲಿ ಬೇಕಾದರೂ ಬಟ್ಟೆ ಬದಲಿಸಬಹುದು. ದರ್ಜಿ ಕನ್ನಡಕ ಸರಿಮಾಡಿಕೊಂಡು, “ಕುತ್ತಿಗಿ ಲಂಗ ಏನವ್ವಾ ಇದು?” ಎಂದು ಕೇಳಿ, ಅರ್ಧ ಗಂಟೆಯಲ್ಲಿ ಹೊಲಿದು ಕೊಟ್ಟ. ಅಜ್ಜಿಯ ಸೀರೆಯಲ್ಲಿದ್ದ ಉಪಾಯವನ್ನು ಮೊಮ್ಮಗಳು ಹೊಲಿದ ಬಟ್ಟೆಯಲ್ಲಿ ಮತ್ತೆ ಕಂಡುಹಿಡಿದಿದ್ದಳು. ಆ ಹೆಸರೇ ನಮ್ಮ ಮನೆಯಲ್ಲಿ ನಿಂತಿತು.

ಮುಂದಿನ ದಿನಗಳನ್ನು ವಿಸ್ತರಿಸುವುದಿಲ್ಲ. ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬಸದಿಯನ್ನು ನೋಡಿ, ಮಾಣಿಕೇಶ್ವರ ಗುಡಿಯ ಮಗ್ಗುಲಲ್ಲಿರುವ ಮುಸುಕಿನ ಬಾವಿಗೆ ಬಂದೆವು. ನೆಲದ ಮಟ್ಟದಿಂದ ಕೆಳಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಆ ಬಾವಿಯ ಹೆಸರನ್ನು ಮಗಳು ಎರಡು ಸಲ ಉಚ್ಚರಿಸಿ, “ನೀರಿಗೂ ಮುಸುಕು ಬೇಕಾಯಿತಾ?” ಎಂದಳು. ಇಟಗಿಯಲ್ಲಿ ೧೧೧೨ರಲ್ಲಿ ಕಟ್ಟಿದ ಮಹಾದೇವ ದೇವಾಲಯದ ಆಚೆಗೆ, ಊರವರ ಅಪ್ಪಣೆ ಪಡೆದು ತಂಗಿದ ರಾತ್ರಿ ನಮ್ಮ ದುಂಡು ಬಚ್ಚಲು ಗಾಳಿಗೆ ಸ್ವಲ್ಪವೂ ಅಲುಗಲಿಲ್ಲ.

ಹಂಪಿಯಲ್ಲಿ ರಾಣಿಯರ ಸ್ನಾನಗೃಹವೆಂದು ಜನ ಕರೆಯುವ ಕಟ್ಟಡದ ಮುಂದೆ ನಾನು ಬಹಳ ಹೊತ್ತು ನಿಂತೆ. ಹೊರಗಿನಿಂದ ಬರಿಯ ಬೋಳು ಗೋಡೆ, ಸುತ್ತ ಕಂದಕ. ಒಳಗೆ ಹೋದರೆ ಸುಮಾರು ಹದಿನೈದು ಮೀಟರು ಚೌಕದ ಕೊಳ, ಅದರ ನಾಲ್ಕು ಕಡೆಯೂ ಕಮಾನಿನ ಮೊಗಸಾಲೆ, ಕೊಳದ ಮೇಲಕ್ಕೆ ಚಾಚಿದ ಗವಾಕ್ಷಗಳು, ನೆತ್ತಿಗೆ ಆಕಾಶ. ಅಲ್ಲಿ ಮೀಯುತ್ತಿದ್ದವರು ರಾಣಿಯರೋ ರಾಜನೋ ಎಂಬ ಚರ್ಚೆ ವಿದ್ವಾಂಸರಿಗಿರಲಿ. ಸೊಬಗನ್ನೆಲ್ಲ ಒಳಗಿಟ್ಟು ಹೊರಗೆ ಬೋಳು ಗೋಡೆ ಕಟ್ಟಿದ ಶಿಲ್ಪಿಗೆ ಸ್ನಾನಗೃಹದ ಮೊದಲ ಅಂಗ ಯಾವುದೆಂದು ತಿಳಿದಿತ್ತು. ಆತ ಕಲ್ಲಿನಲ್ಲಿ ಕಟ್ಟಿದ್ದನ್ನೇ ನಮ್ಮ ಕುರಿಗಾರ ಮುದುಕಿ ಕಂಬಳಿಯಲ್ಲಿ ಕಟ್ಟಿ ತೋರಿಸಿದ್ದಳು.

ಊರಿಗೆ ಮರಳಿದ ರಾತ್ರಿ ಮಗಳು ಮೊದಲು ಹೋದದ್ದು ಬಚ್ಚಲಿಗೆ. ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿತು. ಅದೇ ಮನೆಯಲ್ಲಿ ಅಷ್ಟು ವರ್ಷ ವಾಸವಾಗಿದ್ದರೂ ಆ ಸದ್ದನ್ನು ನಾನು ಕಿವಿಗೊಟ್ಟು ಕೇಳಿದ್ದು ಅಂದೇ.

ಮರುವರ್ಷ ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಏಳು ದಿನಗಳ ಶಿಬಿರಕ್ಕೆ ಹಳ್ಳಿಯೊಂದನ್ನು ಗೊತ್ತುಮಾಡುವ ಸಭೆ ಸೇರಿತ್ತು. ಊಟದ ಗುತ್ತಿಗೆ, ಉಪನ್ಯಾಸಕರ ಪಟ್ಟಿ, ಉದ್ಘಾಟನೆಯ ಅತಿಥಿಗಳು ಎಲ್ಲ ನಿಶ್ಚಯವಾಯಿತು. ಕೊನೆಗೆ ನಾನು, “ಹೆಣ್ಣುಮಕ್ಕಳು ಸ್ನಾನ ಮಾಡುವುದೆಲ್ಲಿ, ಬಟ್ಟೆ ಬದಲಿಸುವುದೆಲ್ಲಿ?” ಎಂದು ಕೇಳಿದೆ. “ಶಾಲೆಯ ಹಿಂದೆ ಬೋರ್‌ವೆಲ್ಲು ಇದೆಯಲ್ಲ, ನೀರಿಗೇನು ಕೊರತೆ?” ಎಂದರು ಸಹೋದ್ಯೋಗಿಯೊಬ್ಬರು. ಆ ವಾಕ್ಯವನ್ನು ಎಲ್ಲೋ ಕೇಳಿದಂತಿತ್ತು. ಉಡುತಡಿಯಲ್ಲಿ ನಾನೇ ಆಡಿದ ಮಾತು ಅದು.

ಆ ಶಿಬಿರಕ್ಕೆ ಎರಡು ಸೈಕಲ್ಲು ರಿಮ್ಮುಗಳೂ ಕಪ್ಪು ಬಟ್ಟೆಯೂ ಕಿಡಿ ಬಿದ್ದ ಕಂಬಳಿಯೂ ನಮ್ಮ ಮನೆಯಿಂದ ಹೋದವು. ಮಗಳು ಬೇಡಿಕೆಯ ಪಟ್ಟಿಯ ಕೆಳಗೆ ಒಂದು ಸಾಲು ಸೇರಿಸಿ ಕಳಿಸಿದ್ದಳು: ದೀಪ ಹೊರಗಡೆ ಇಡಬೇಕು. ಅಕ್ಕ ದಾರಿಯಲ್ಲಿ ಎಲ್ಲಿ ಮೀಯುತ್ತಿದ್ದಳೆಂದು ಅವಳು ಮತ್ತೆ ಕೇಳಿಲ್ಲ. ನಾನು ಮಾತ್ರ ಆ ಪಾಠಕ್ಕೆ ಬಂದಾಗಲೆಲ್ಲ ಈಗ ಆ ಪ್ರಶ್ನೆಯನ್ನು ತರಗತಿಯ ಮುಂದಿಟ್ಟು, ಹುಡುಗಿಯರ ಸಾಲಿನಿಂದ ಉತ್ತರ ಬರುವವರೆಗೆ ಸುಮ್ಮನೆ ನಿಲ್ಲುತ್ತೇನೆ.